ಅಮಾವಾಸ್ಯೆಗೆ ತುಂಬಿಸಿಟ್ಟ ಬ್ಯಾಟರಿ

ವಾರಕ್ಕೊಬ್ಬರಾದರೂ ಇನ್‌ಬಾಕ್ಸಿಗೆ ಬಂದು ಕೇಳುತ್ತಾರೆ: "ಸುಮಕ್ಕಾ, ನೀವು ಸ್ಯಾಟಲೈಟಿಗೆ ಬ್ಯಾಟ್ರಿ ಮಾಡ್ತಿದ್ರಂತಲ್ಲ, ನಂಗೂ ಆ ಲೈನಿಗೆ ಬರ್ಬೇಕು ಅಂತ ಐತೆ. ಹೆಂಗಿರ್ತತೆ ಕೆಲಸ?" ಒಬ್ಬೊಬ್ಬರಿಗೇ ಉತ್ತರ ಕೊಟ್ಟು ಬೆರಳು ನೋಯುತ್ತಿದೆ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ. ಉದ್ದವಾಯಿತು ಎನ್ನುವವರು ಈಗಲೇ ಮೇಲಕ್ಕೆ ತಳ್ಳಿ ರೀಲ್ಸ್ ನೋಡಿಕೊಳ್ಳಿ, ನನಗೇನೂ ಬೇಜಾರಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ನಾನು ರಾಕೆಟ್ ಹಾರಿದ್ದನ್ನು ಎದುರಿಗೆ ನಿಂತು ನೋಡಿದವಳಲ್ಲ. ಟಿವಿಯಲ್ಲಿ ನಿಮ್ಮಷ್ಟೇ ನೋಡಿದ್ದೇನೆ. ನಾನು ನೋಡಿದ್ದು ಒಂದು ಗೆರೆ. ಕಂಪ್ಯೂಟರಿನ ಮೇಲೆ ಆ ಗೆರೆ ನಿಧಾನಕ್ಕೆ ಏರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ನಿಧಾನಕ್ಕೆ ಇಳಿಯುತ್ತದೆ. ಬ್ಯಾಟರಿ ತುಂಬಿತು, ಬ್ಯಾಟರಿ ಖಾಲಿಯಾಯಿತು. ಮತ್ತೆ ತುಂಬಿತು. ಹರಿಹರದ ಕೈಗಾರಿಕಾ ಪ್ರದೇಶದ ಒಂದು ತಗಡಿನ ಶೆಡ್ಡಿನಲ್ಲಿ ಕೂತು ನಾನು ಅರ್ಧ ಆಯುಷ್ಯ ಈ ಗೆರೆಯನ್ನು ನೋಡಿದ್ದೇನೆ. ಮಧ್ಯಾಹ್ನದ ಊಟ ಆದಮೇಲೆ, ಫ್ಯಾನಿನ ಸದ್ದಿನಲ್ಲಿ, ಅದು ಯಾರದ್ದೋ ಎದೆ ಏರಿಳಿಯುವ ಹಾಗೆ ಕಾಣುತ್ತಿತ್ತು. ನಿದ್ದೆಯಲ್ಲಿರುವ ಮಗುವನ್ನು ನೋಡುತ್ತ ಕೂತಂತೆ. ಇದು ನಿಮಗೆ ಆಗಿಬರುವುದಿಲ್ಲ ಎಂದಾದರೆ ಈ ಕೆಲಸಕ್ಕೆ ಬರಬೇಡಿ.

ನಮ್ಮದು ಮೊದಲು ಸೀಸದ ಬ್ಯಾಟರಿಯ ಕಾರ್ಖಾನೆ. ಟೆಲಿಫೋನ್ ಎಕ್ಸ್‌ಚೇಂಜ್, ರೈಲ್ವೆ ಸಿಗ್ನಲ್, ಇಂಥ ಕಡೆಗೆ ಹೋಗುವ ದೊಡ್ಡ ದೊಡ್ಡ ಡಬ್ಬಗಳು. ಡಿಪ್ಲೊಮಾ ಮುಗಿಸಿ ದಾವಣಗೆರೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಸೇರಿದ ವಾರವೇ ಹೊಸ ಕಾಟನ್ ಚೂಡಿದಾರ ಹಾಕಿಕೊಂಡು ಹೋದೆ. ಮನೆಗೆ ಬಂದು ಒಗೆಯಲು ನೀರಿಗೆ ಹಾಕಿದರೆ ಜರಡಿಯಾಗಿ ಮೇಲೆ ಬಂತು. ಆಸಿಡ್ ಎಲ್ಲಿ ಸಿಡಿದಿತ್ತೋ ಗೊತ್ತೇ ಆಗಿರಲಿಲ್ಲ. ಮಾರನೆಯ ದಿನ ಹೇಳಿದಾಗ ನಮ್ಮ ಟೆಸ್ಟಿಂಗ್ ವಿಭಾಗದ ಮುಖ್ಯಸ್ಥರು ಬಿದ್ದು ಬಿದ್ದು ನಕ್ಕರು. "ರೇಷ್ಮೆ ಸೀರೆನೇ ಉಟ್ಕೊಂಡ್ ಬರ್ಬೇಕಿತ್ತವ್ವ, ಇನ್ನೂ ಚಂದ ಆಗ್ತಿತ್ತು. ಪಾಲಿಯೆಸ್ಟರ್ ತಗೋ ಹೋಗು, ಆಸಿಡ್ಡಿಗೂ ಅದ್ರ ಮೇಲೆ ಮನಸ್ಸಿಲ್ಲ."

ಇವರೇ ಕೊಟ್ರಪ್ಪನವರು. ನನ್ನ ಮೇಲಧಿಕಾರಿ. ಕೆ.ಬಿ. ಬಡಾವಣೆಯಲ್ಲಿ ಮನೆ, ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಬ್ಯಾಟರಿಯನ್ನು ಮೂಸಿ ನೋಡಿ ಇದಕ್ಕೆ ವಯಸ್ಸಾಗಿದೆ ಎನ್ನುತ್ತಿದ್ದರು. ಅವರ ಒಂದೇ ಒಂದು ಶಾಸ್ತ್ರ: ಬ್ಯಾಟರಿಯನ್ನು ಅರೆಹೊಟ್ಟೆಯಲ್ಲಿ ಮಲಗಿಸಬಾರದು. ಸೀಸದ ಬ್ಯಾಟರಿಯ ಮಟ್ಟಿಗೆ ಅದು ನೂರಕ್ಕೆ ನೂರು ನಿಜ. ಅರ್ಧ ಖಾಲಿಯಾಗಿ ಬಿಟ್ಟರೆ ಒಳಗಿನ ತಗಡುಗಳ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಆಮೇಲೆ ದೇವರೇ ಬಂದರೂ ಏಳುವುದಿಲ್ಲ. ಹಾಗಾಗಿ ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ. ಪ್ರತಿ ಅಮಾವಾಸ್ಯೆಗೆ ಕೊಟ್ರಪ್ಪನವರು ತುಂಗಭದ್ರೆಯ ದಂಡೆಯ ಉಕ್ಕಡಗಾತ್ರಿಯ ಗುಡಿಗೆ ಹೋಗುವವರು. ಹೊರಡುವ ಮೊದಲು ಶೆಡ್ಡಿನಲ್ಲಿರುವ ಪ್ರತಿಯೊಂದು ಬ್ಯಾಟರಿಯನ್ನೂ ಚಾರ್ಜಿಗೆ ಹಾಕಿ, ಎಲ್ಲವೂ ತುಂಬಿದ ಮೇಲೆ ಒಂದೊಂದಕ್ಕೂ ಕುಂಕುಮ ಇಟ್ಟು, ತೆಂಗಿನಕಾಯಿ ಒಡೆದು, ಆಮೇಲೆ ಬಸ್ ಹತ್ತುವುದು. ನಾವು ಇದನ್ನು ಬ್ಯಾಟರಿಗಳ ಹಬ್ಬ ಎನ್ನುತ್ತಿದ್ದೆವು. ಅವತ್ತು ಶೆಡ್ಡಿಗೆ ಬಂದವರಿಗೂ ಅದೇ ಗತಿ. ಮಂಡಕ್ಕಿ, ಮಿರ್ಚಿ ತಟ್ಟೆಗೆ ಬಿದ್ದದ್ದು ಮುಗಿಯುವ ಮೊದಲೇ ಇನ್ನೊಂದು ಹಿಡಿ ಬೀಳುತ್ತಿತ್ತು.

ಆಮೇಲೆ ಕಾಲ ಬದಲಾಯಿತು. ಎಕ್ಸ್‌ಚೇಂಜುಗಳು ಮುಚ್ಚಿದವು, ಸೀಸ ಕಡಿಮೆಯಾಯಿತು, ಲಿಥಿಯಂ ಬಂತು. ಬೆರಳುದ್ದದ ಸೆಲ್ಲುಗಳು. ಆಸಿಡ್ಡಿಗೆ ಗಾಜಿನ ನಳಿಗೆ ಅದ್ದಿ ಚಾರ್ಜ್ ಎಷ್ಟಿದೆ ನೋಡುವ ಕೆಲಸ ಹೋಗಿ ಕಂಪ್ಯೂಟರಿನ ಗೆರೆ ಬಂತು. ಸಣ್ಣ ಉಪಗ್ರಹಗಳನ್ನು ಕಾಲೇಜುಗಳೂ ಮಾಡಬಹುದು ಎನ್ನುವ ಕಾಲ ಬಂದಾಗ, ನಾಲ್ಕು ಕಾಲೇಜು ಸೇರಿ ಮಾಡಿದ ಒಂದು ಉಪಗ್ರಹಕ್ಕೆ ಬ್ಯಾಟರಿ ಜೋಡಿಸುವ ಕೆಲಸ ನಮ್ಮ ಶೆಡ್ಡಿಗೆ ಸಿಕ್ಕಿತು. ಉಪಗ್ರಹ ಎಂದರೆ ಭಾರಿ ಕಲ್ಪನೆ ಬೇಡ. ಎರಡು ಟಿಫಿನ್ ಕ್ಯಾರಿಯರ್ ಒಟ್ಟಿಗೆ ಇಟ್ಟಷ್ಟು.

ಆದರೂ ಸೆಲ್ಲುಗಳ ಜೋಡಿ ಕೂಡಿಸಲು ನಮಗೆ ಮಳೆಗಾಲ ಪೂರ್ತಿ ಹಿಡಿಯಿತು. ಯಾಕೆಂದರೆ ಸಾಲಿನಲ್ಲಿ ಒಂದು ಸೆಲ್ ಬೇಗ ದಣಿದರೂ ಮಿಕ್ಕವೆಲ್ಲ ಅಲ್ಲೇ ನಿಲ್ಲಬೇಕು. ಹಾಗಾಗಿ ಪ್ರತಿಯೊಂದನ್ನೂ ತುಂಬಿಸಿ, ಖಾಲಿ ಮಾಡಿ, ಬಿಸಿ ಮಾಡಿ, ತಣ್ಣಗೆ ಮಾಡಿ, ಒಂದೇ ಸ್ವಭಾವದವುಗಳನ್ನು ಆರಿಸಬೇಕು. ಕೊಟ್ರಪ್ಪನವರು ಕನ್ನಡಕ ಮೂಗಿಗಿಳಿಸಿ ಕೂರುತ್ತಿದ್ದರು. "ಈ ಹುಡ್ಗ ನೋಡಾಕೆ ಚಂದ ಅದಾನೆ, ಆದ್ರೆ ಸಂಜಿ ಮುಂದೆ ಸುಸ್ತಾಗ್ತಾನೆ. ಬ್ಯಾಡ, ಕಳಿಸು. ಇವ್ನು ನೋಡು, ಮಾತಾಡಲ್ಲ, ದುಡಿತಾನೆ. ಇವನ್ನ ತಗೋ." ಬ್ಯಾಟರಿ ಸಿದ್ಧವಾದ ಮೇಲೆ ರಾಕೆಟ್ಟಿನ ನಡುಕ ತಡೆಯುತ್ತದೋ ಇಲ್ಲವೋ ನೋಡಲು ಅಲುಗಾಡಿಸುವ ಮೇಜಿನ ಮೇಲೆ ಕಟ್ಟಿದೆವು. ಕೊಟ್ರಪ್ಪನವರು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಬೆನ್ನು ಹಾಕಿ ನಿಂತರು. ಮಗುವಿಗೆ ಸೂಜಿ ಚುಚ್ಚುವಾಗ ಕೆಲವರು ನಿಲ್ಲುತ್ತಾರಲ್ಲ, ಹಾಗೆ.

ಬ್ಯಾಟರಿ ಸಿದ್ಧವಾಯಿತು, ರಾಕೆಟ್ ಸಿದ್ಧವಾಗಲಿಲ್ಲ. ಇವತ್ತು, ನಾಳೆ, ಮುಂದಿನ ತಿಂಗಳು ಎನ್ನುತ್ತ ಉಡಾವಣೆ ಮುಂದಕ್ಕೆ ಹೋಯಿತು. ಚಳಿಗಾಲ ಹೋಗಿ ಬೇಸಿಗೆ ಬಂತು. ಹರಿಹರದ ಬೇಸಿಗೆ, ತಗಡಿನ ಶೆಡ್ಡು. ನಮ್ಮ ಬ್ಯಾಟರಿ ಕೊಟ್ರಪ್ಪನವರ ರ್‍ಯಾಕಿನ ಮೇಲೆ, ಅವರ ಕಣ್ಣೆದುರಿಗೇ ಇತ್ತು. ಪ್ರತಿ ಅಮಾವಾಸ್ಯೆಗೆ ಅದನ್ನೂ ತುಂಬಿಸಿ ಕುಂಕುಮ. ಮಿಕ್ಕಿದ ಸೆಲ್ಲುಗಳಿಗೂ ಅಷ್ಟೇ. ಕಾಲೇಜಿನವರೂ ಬಂದು ನೋಡಿ, ಎಷ್ಟು ಚೆನ್ನಾಗಿ ನೋಡಿಕೊಂಡಿದ್ದೀರಿ ಎಂದು ಕೈಮುಗಿದು ಹೋದರು. ಕೊನೆಗೊಂದು ದಿನ ಬ್ಯಾಟರಿಯನ್ನು ತೆಗೆದುಕೊಂಡು ಹೋದರು, ಉಪಗ್ರಹ ಮೇಲಕ್ಕೂ ಹೋಯಿತು.

ಅಲ್ಲಿಂದ ನನ್ನ ಬದುಕಿನಲ್ಲಿ ಎರಡು ಗಡಿಯಾರ. ಉಪಗ್ರಹ ಭೂಮಿಯನ್ನು ಒಂದು ಸುತ್ತು ಹಾಕಲು ಒಂದೂವರೆ ತಾಸು. ಅದರಲ್ಲಿ ಒಂದು ತಾಸು ಬಿಸಿಲು, ಅರ್ಧ ತಾಸು ಭೂಮಿಯ ನೆರಳು. ಬಿಸಿಲಿನಲ್ಲಿ ಸೌರಫಲಕ ದುಡಿಯುತ್ತದೆ, ಬ್ಯಾಟರಿ ತುಂಬುತ್ತದೆ. ನೆರಳಿಗೆ ಹೊಕ್ಕಾಗ ಬ್ಯಾಟರಿಯೊಂದೇ ಗತಿ. ನಮ್ಮ ಒಂದು ದಿನದಲ್ಲಿ ಅದಕ್ಕೆ ಹದಿನೈದು ಬೆಳಗು, ಹದಿನೈದು ಸಂಜೆ. ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯ ಮೇಲೆ ಬಟ್ಟೆ ಹರವುತ್ತ ನಿಂತಾಗ ಈಗ ಅದು ನೆರಳಿಗೆ ಹೋಗಿರಬೇಕು ಅನ್ನಿಸುತ್ತಿತ್ತು. ಬೆಣ್ಣೆ ದೋಸೆ ಮುರಿಯುವಾಗ ಈಗ ಹೊರಗೆ ಬಂತು, ಈಗ ಬೆಚ್ಚಗಾಗುತ್ತಿದೆ ಅನ್ನಿಸುತ್ತಿತ್ತು. ಸ್ಕೂಟಿ ನಿಲ್ಲಿಸಿಕೊಂಡು ಸಿಗ್ನಲ್ಲಿನಲ್ಲಿ ಆಕಾಶ ನೋಡುತ್ತಿದ್ದವಳು ನಾನೇ. ಹಿಂದಿನವರು ಹಾರ್ನ್ ಹೊಡೆದು ಬೈದದ್ದೂ ಉಂಟು.

ದಿನಾ ಬೆಳಿಗ್ಗೆ ಹತ್ತೂವರೆ ಸುಮಾರಿಗೆ ಅದು ನಮ್ಮ ಊರಿನ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಹಾಯುತ್ತಿತ್ತು. ಆ ನಾಲ್ಕರಲ್ಲಿ ಒಂದಾದ ದಾವಣಗೆರೆಯ ಕಾಲೇಜಿನ ಮಾಳಿಗೆಯ ಮೇಲೆ ಆಂಟೆನಾ, ಪಕ್ಕದಲ್ಲೊಂದು ಕೋಣೆ. ಬ್ಯಾಟರಿಯ ಲೆಕ್ಕ ನೋಡಲು ನನ್ನನ್ನು ಅಲ್ಲಿಗೆ ಕಳಿಸುತ್ತಿದ್ದರು. ಅದು ಕೆಲವೇ ನಿಮಿಷ ಮಾತಾಡಿ ದಕ್ಷಿಣಕ್ಕೆ ಹೋಗಿಬಿಡುತ್ತಿತ್ತು. ಉಳಿದ ಹೊತ್ತಿನಲ್ಲೂ ಲೋಕದ ಯಾವುದೋ ಮೂಲೆಯಲ್ಲಿ ಆಂಟೆನಾ ಇಟ್ಟುಕೊಂಡ ಹವ್ಯಾಸಿಗಳು ಅದರ 'ಟಿಣ್ ಟಿಣ್' ದನಿ ಕೇಳಿ ನಮಗೆ ಮೇಲ್ ಮಾಡುತ್ತಿದ್ದರು. ಬದುಕಿದ್ದೇನೆ, ಬದುಕಿದ್ದೇನೆ ಎಂದು ತನ್ನಷ್ಟಕ್ಕೆ ತಾನು ಹೇಳಿಕೊಳ್ಳುವ ಆ ದನಿಗೆ ಬೀಕನ್ ಎನ್ನುತ್ತಾರೆ.

ಆ ಕೋಣೆಯಲ್ಲಿ ಪರಿಚಯವಾದವರು ನಾಗರತ್ನ ಮೇಡಂ. ಅದೇ ಕಾಲೇಜಿನಲ್ಲಿ ಪಾಠ ಮಾಡುವವರು, ನನ್ನ ವಯಸ್ಸಿನವರು. ಪಿಎಚ್‌ಡಿ ಮಾಡುತ್ತಿದ್ದರು. ಈ ಪುಟ್ಟ ಉಪಗ್ರಹದ ಪುಟ್ಟ ಕ್ಯಾಮೆರಾ ತುಂಗಭದ್ರೆಯ ಮರಳದಿಣ್ಣೆಗಳು ಜಾಗ ಬದಲಿಸುವುದನ್ನು ಹಿಡಿಯಬಲ್ಲುದೇ ಎನ್ನುವುದು ಅವರ ವಿಷಯ. ಹೊಳೆ ತುಂಬಿದಾಗಿನ ಚಿತ್ರ ಸಿಕ್ಕಿತ್ತು. ಹೊಳೆ ಬತ್ತಿದಾಗಿನ ಚಿತ್ರ, ಹರಿಹರದಿಂದ ಉಕ್ಕಡಗಾತ್ರಿಯ ತಿರುವಿನವರೆಗಿನದು, ಒಂದು ಬಾಕಿ. ವಿಶ್ವವಿದ್ಯಾಲಯ ಕೊಟ್ಟಿದ್ದ ಕೊನೆಯ ಗಡುವು ಆ ಮಳೆಗಾಲದವರೆಗೆ ಮಾತ್ರ. ಬೇರೆ ಉಪಗ್ರಹದ ಚಿತ್ರ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತವಲ್ಲ ಎಂದೆ ನಾನು, ಸ್ವಲ್ಪ ಉದ್ಧಟತನದಿಂದಲೇ.

"ಸುಮಾ, ನಾನು ಬರಿಯಾಕತ್ತಿದ್ದು ಈ ಕಣ್ಣಿನ ಬಗ್ಗೆ. ಬೇರೇರ ಕಣ್ಣು ಇಟ್ಕೊಂಡು ಏನ್ ಮಾಡ್ಲಿ?" ಎಂದರು.

ಆ ಬೇಸಿಗೆಗೆ ಬ್ಯಾಟರಿ ಕೈಕೊಟ್ಟಿತು. ನೆರಳಿನಿಂದ ಹೊರಬಂದು ಇನ್ನೂ ಮೈ ಬೆಚ್ಚಗಾಗಿರದ ಹೊತ್ತಿಗೆ ನಮ್ಮ ಊರು ಬರುತ್ತದೆ. ಕ್ಯಾಮೆರಾ ತೆರೆದು ಚಿತ್ರ ಕಳಿಸಲು ಶುರು ಮಾಡಿದರೆ ವೋಲ್ಟೇಜ್ ಧೊಪ್ಪೆಂದು ಕುಸಿಯುತ್ತಿತ್ತು. ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಉಪಗ್ರಹ ಎಲ್ಲ ಬಂದ್ ಮಾಡಿ ಮಲಗಿ, ಎದ್ದಾಗ ಹಿಂದಿನದೆಲ್ಲ ಮರೆತಿರುತ್ತಿತ್ತು. ಮೂರು ಸಲ ಹೀಗಾಯಿತು. ಇನ್ನೂ ನಾಲ್ಕೈದು ವರ್ಷ ಬಾಳಬೇಕಾಗಿದ್ದ ಬ್ಯಾಟರಿ ಮುದುಕನಂತೆ ಏದುಸಿರು ಬಿಡುತ್ತಿತ್ತು. ಯಾಕೆ?

ಕಾರಣ ಹುಡುಕಲು ಅದೇ ಗುಂಪಿನ ಮಿಕ್ಕ ಸೆಲ್ಲುಗಳನ್ನು ಶೆಡ್ಡಿನಲ್ಲಿ ಪರೀಕ್ಷೆ ಮಾಡಿದೆವು. ಕೊಟ್ರಪ್ಪನವರ ರ್‍ಯಾಕಿನ ಮೇಲಿದ್ದವು ಎಲ್ಲ ಸೊರಗಿದ್ದವು. ನಾನು ಬೀರು ಸರಿಸಿ ಕಸ ಹೊಡೆಸುವಾಗ, ಗೋಡೆಯ ತಂಪು ಮೂಲೆಯಲ್ಲಿ, ಒಂದು ಹಳೆ ಪೊಟ್ಟಣ ಸಿಕ್ಕಿತ್ತು. ಅದರಲ್ಲೂ ಅದೇ ಗುಂಪಿನ ಸೆಲ್ಲುಗಳು. ಯಾವಾಗಲೋ ಬಿದ್ದು, ಅರ್ಧಂಬರ್ಧ ಚಾರ್ಜಿನಲ್ಲೇ, ಒಂದೇ ಒಂದು ಅಮಾವಾಸ್ಯೆಯನ್ನೂ ನೋಡದೆ ಕೂತಿದ್ದವು. ಅವನ್ನು ಯಂತ್ರಕ್ಕೆ ಹಾಕಿದರೆ ಗೆರೆ ಹೊಸದರ ಹಾಗೆ ಏರಿತು, ನಿಂತಿತು, ಗಂಭೀರವಾಗಿ ಇಳಿಯಿತು.

ಕೊಟ್ರಪ್ಪನವರು ಎರಡೂ ಗೆರೆಗಳನ್ನು ಬೆರಳಿಟ್ಟು ಹೋಲಿಸಿ ನೋಡಿದರು.

"ಅಂದ್ರೆ ತಂಗಿ, ತುಂಬಿಸಿಟ್ಟಿದ್ದಕ್ಕೇ ಕೆಟ್ಟವಾ?"

"ಹೂಂ ಅಣ್ಣಾರೆ. ಲಿಥಿಯಂ ಹೊಟ್ಟೆ ತುಂಬಿಸ್ಕೊಂಡು ಬಿಸಿಲಾಗೆ ಸುಮ್ನೆ ಕೂತ್ರೆ ಒಳಗೊಳಗೇ ಸವೀತತೆ. ಇದಕ್ಕೆ ಅರೆಹೊಟ್ಟೆ, ತಣ್ಣನೆ ಜಾಗ ಆದ್ರೆ ಸುಖ."

"ಸೀಸಕ್ಕೆ?"

"ಸೀಸಕ್ಕೆ ನೀವು ಮಾಡಿದ್ದೇ ಸರಿ."

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. "ಯಾರೂ ಹೇಳ್ಲಿಲ್ಲಲ್ಲವಾ. ಪೊಟ್ಟಣದ ಮೇಲೆ ಬರ್ದಿದ್ರೋ ಏನೋ, ಇಂಗ್ಲಿಷಾಗೆ. ನಾನು ಹಬ್ಬ ಮಾಡ್ದೆ." ಆಮೇಲೆ ತಟ್ಟನೆ ಸಿಟ್ಟು ಬಂತು. "ಆ ಮೇಡಂಗೆ ಏನ್ ಹೇಳಾದು ಈಗ? ನಿಮ್ ಡಾಕ್ಟ್ರೇಟು ನನ್ ತೆಂಗಿನಕಾಯಾಗೆ ಒಡೀತು ಅಂತಾನಾ?"

ನಾಗರತ್ನ ಮೇಡಂಗೆ ನಾನೇ ಹೇಳಿದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. "ಒಂದ್ ಚಿತ್ರ ಸಾಕು. ಅದಕ್ಕೊಂದು ದಾರಿ ಐತೇನು, ಅಷ್ಟು ಹೇಳ್ರಿ" ಎಂದರು.

ಆಮೇಲಿನ ವಾರ ನನ್ನ ವೃತ್ತಿಯ ಅತ್ಯಂತ ಚಂದದ ವಾರ. ಶೆಡ್ಡಿನಲ್ಲಿ ಆ ಸೊರಗಿದ ಸೆಲ್ಲುಗಳನ್ನೇ ಜೋಡಿಸಿ, ಉಪಗ್ರಹಕ್ಕೆ ಆಗುವಂತೆಯೇ ಒಂದು ತಾಸು ಬಿಸಿಲು, ಅರ್ಧ ತಾಸು ನೆರಳು ಎಂದು ಯಂತ್ರದಲ್ಲಿ ಸುತ್ತಿಸಿದೆವು. ತಂಪು ಪೆಟ್ಟಿಗೆಯೊಳಗೆ ಪುಟ್ಟ ಪುಟ್ಟ ಬೆಳಗುಗಳು, ಪುಟ್ಟ ಪುಟ್ಟ ಸಂಜೆಗಳು. ಹೊರಗೆ ಹರಿಹರದ ಲಾರಿಗಳು, ಒಳಗೆ ನಾನು ಮತ್ತು ಕೊಟ್ರಪ್ಪನವರು ಕುರ್ಚಿ ಹಾಕಿಕೊಂಡು ಭೂಮಿ ಸುತ್ತುತ್ತಿದ್ದೆವು. "ಈಗ ಎಲ್ಲಿ ಅದೀವಿ?" ಎಂದು ಅವರು ಕೇಳುವರು. "ಸಮುದ್ರದ ಮೇಲೆ" ಎನ್ನುವೆ. "ಕತ್ತಲಾತು, ಸೆರಗು ಹೊದ್ಕೋ" ಎನ್ನುವರು.

ಹಾಗೆ ಸುತ್ತುತ್ತ ಸುತ್ತುತ್ತ ದಾರಿ ಕಂಡಿತು. ಒಂದು, ಚಿತ್ರ ತೆಗೆಯುವ ಮೊದಲು ಬ್ಯಾಟರಿಯ ಹೀಟರ್ ಹಾಕಿ ಅದನ್ನು ಬೆಚ್ಚಗೆ ಮಾಡುವುದು. ಎರಡು, ಅದೇ ದಿನ ಚಿತ್ರ ಕಳಿಸದೆ ಇಟ್ಟುಕೊಳ್ಳುವುದು. ಇವತ್ತು ನೋಡುವುದು, ನಾಳೆ ಬೆಳಿಗ್ಗೆ ಹೇಳುವುದು. ಎರಡು ಭಾರ ಒಟ್ಟಿಗೆ ಹೊರಿಸುವುದು ಬೇಡ. ಆದರೆ ಒಂದು ತೊಡಕು. ಉಪಗ್ರಹದ ಶಾಶ್ವತ ನೆನಪಿನ ಚಿಪ್ ಮೊದಲ ವರ್ಷವೇ ಕೆಟ್ಟಿತ್ತು. ಉಳಿದಿದ್ದ ನೆನಪು ಕರೆಂಟ್ ಇರುವಷ್ಟು ಹೊತ್ತು ಮಾತ್ರ. ಮರುದಿನದವರೆಗಿನ ಹದಿನೈದು ನೆರಳುಗಳಲ್ಲಿ ಒಂದರಲ್ಲಿ ಅದು ಮಲಗಿಬಿಟ್ಟರೂ ಚಿತ್ರ ಅಳಿಸಿಹೋಯಿತು. ಆ ಹದಿನೈದನ್ನೂ ದಾಟಿಸಲು ಉಳಿಸಬಹುದಾದ ಪ್ರತಿ ಹನಿ ಕರೆಂಟನ್ನೂ ಉಳಿಸಬೇಕು.

"ಬೀಕನ್ ಬಂದ್ ಮಾಡ್ಬೇಕು" ಎಂದೆ.

ಕೊಟ್ರಪ್ಪನವರು ನನ್ನನ್ನು ಕೊಲೆಗಾರ್ತಿಯನ್ನು ನೋಡುವಂತೆ ನೋಡಿದರು. "ಅಂದ್ರೆ ಅದು ಐತೋ ಇಲ್ಲೋ ಅಂತಾನೂ ಗೊತ್ತಾಗಬಾರ್ದಾ?"

"ನಾಳೆ ಬೆಳಿಗ್ಗೆವರೆಗೂ ಗೊತ್ತಾಗಲ್ಲ."

"ಯಾಕವ್ವಾ, ಜ್ವರ ಬಂದ ಕೂಸಿನ ಬಾಯಿ ಮುಚ್ತೀಯಾ?"

"ಅಳಾಕೂ ಶಕ್ತಿ ಬೇಕಲ್ರಿ ಅಣ್ಣಾರೆ. ಆ ಶಕ್ತಿ ಉಳೀಲಿ."

ಮಾಡಿದೆವು. ಮೋಡವಿಲ್ಲದ ಒಂದು ಬೆಳಿಗ್ಗೆ, ಹೊಳೆ ತೀರ ಸಣಕಲಾಗಿದ್ದಾಗ, ಅದು ಮೇಲೆ ಹಾಯುವ ಹೊತ್ತಿಗೆ ಕ್ಯಾಮೆರಾ ತೆರೆಯಿತು, ಮುಚ್ಚಿತು. ವೋಲ್ಟೇಜ್ ಕುಸಿದು, ಅಪಾಯದ ಮಟ್ಟದ ಹತ್ತಿರ ಹೋಗಿ, ನಿಂತಿತು. ಆಮೇಲೆ ಬೀಕನ್ ಬಂದ್ ಮಾಡುವ ಆಜ್ಞೆ ಕಳಿಸಿದೆವು. ಟಿಣ್ ಟಿಣ್ ನಿಂತಿತು. ಅದು ದಕ್ಷಿಣಕ್ಕೆ ಹೋಯಿತು, ತುಂಗಭದ್ರೆಯನ್ನು ತನ್ನೊಳಗೆ ಇಟ್ಟುಕೊಂಡು, ಯಾರಿಗೂ ಕೇಳಿಸದೆ.

ಆ ಹಗಲು ಹೇಗೆ ಹೋಯಿತೆಂದು ಬರೆಯಲು ನನಗೆ ಬರುವುದಿಲ್ಲ. ಮನೆಗೆ ಬಂದೆ, ಅನ್ನಕ್ಕಿಟ್ಟೆ, ನೆರಳಿಗೆ ಹೋಯಿತು ಅಂದುಕೊಂಡೆ. ಸೊಪ್ಪು ಸೋಸಿದೆ, ಹೊರಗೆ ಬಂತು ಅಂದುಕೊಂಡೆ. ಬಂದಿತೋ? ಗೊತ್ತಿಲ್ಲ. ಎಲ್ಲೋ ಯಾವುದೋ ಮಂಜಿನ ನಾಡಿನ ಮೇಲೆ, ಯಾರದ್ದೋ ಸಮುದ್ರದ ಮೇಲೆ, ನಮ್ಮ ಹೊಳೆಯ ಮರಳು ಕತ್ತಲಿಗೆ ಹೋಗಿ ಬೆಳಕಿಗೆ ಬರುತ್ತಿತ್ತು. ಕೊಟ್ರಪ್ಪನವರು ಫೋನ್ ಮಾಡಿ "ಈಗ ಎಲ್ಲಿ ಐತೆ?" ಎಂದು ಕೇಳಿ ಇಟ್ಟರು.

ಮರುದಿನ ಮೂವರೂ ಮಾಳಿಗೆಯ ಕೋಣೆಯಲ್ಲಿದ್ದೆವು. ಆಂಟೆನಾ ಉತ್ತರಕ್ಕೆ ತಿರುಗಿತು. ಚಿತ್ರ ಕಳಿಸು ಎಂಬ ಆಜ್ಞೆ ಹೋಯಿತು. ಏನೂ ಬರಲಿಲ್ಲ. ಮತ್ತೆ ಕಳಿಸಿದೆವು. ನಾಗರತ್ನ ಮೇಡಂ ಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸುತ್ತ ಕೂತಿದ್ದರು.

ಆಮೇಲೆ ತೆರೆಯ ಮೇಲೆ ಒಂದು ಬೂದು ಸಾಲು ಬಂತು. ಅದರ ಕೆಳಗೆ ಇನ್ನೊಂದು. ಹರಿಹರದ ಹತ್ತಿರದ ಹೊಲಗಳು, ಹೊಳೆಯ ಕಪ್ಪು ಎಳೆ, ಅದರ ಪಕ್ಕ ಬಿಳಿ ಮರಳು. ಸಾಲಿನ ಮೇಲೆ ಸಾಲು ಹೆಣೆಯುತ್ತ ಚಿತ್ರ ದಕ್ಷಿಣಕ್ಕೆ ಇಳಿಯುತ್ತಿತ್ತು. ಜೊತೆಗೆ ವೋಲ್ಟೇಜೂ ಇಳಿಯುತ್ತಿತ್ತು. ಇನ್ನೂ ಕಾಲುಭಾಗ ಬಾಕಿ ಇರುವಾಗ ಅದು ಅಪಾಯದ ಮಟ್ಟದ ಹತ್ತಿರ ಬಂತು. ಬೇಕಾಗಿದ್ದ ಉಕ್ಕಡಗಾತ್ರಿಯ ತಿರುವು ಆ ಕಾಲುಭಾಗದಲ್ಲೇ ಇತ್ತು.

"ಮೇಡಂ, ನಿಲ್ಲಿಸ್ಲಾ? ಹಿಂಗೇ ಹೋದ್ರೆ ಮಲಗ್ತತೆ, ಚಿತ್ರನೂ ಹೋಗ್ತತೆ. ನಿಲ್ಲಿಸಿದ್ರೆ ನಾಳೆ ಮಿಕ್ಕಿದ್ದು ಕೇಳಬೌದು. ಆದ್ರೆ ನಾಳೆವರೆಗೂ ಮತ್ತೆ ಹದಿನೈದು ನೆರಳು ದಾಟ್ಬೇಕು."

ಅವರು ಒಂದು ಕ್ಷಣ ಕಣ್ಣು ಮುಚ್ಚಿದರು. "ನಿಲ್ಲಿಸ್ರಿ."

ನಿಲ್ಲಿಸಿದೆ. ಅದು ಮತ್ತೆ ಮೌನವಾಗಿ ಹೋಯಿತು. ಮತ್ತೊಂದು ಹಗಲು, ಮತ್ತೊಂದು ರಾತ್ರಿ. ಮೂರನೆಯ ಬೆಳಿಗ್ಗೆ ಮೊದಲ ಆಜ್ಞೆಗೇ ಉತ್ತರ ಬಂತು. ನಿನ್ನೆ ಬಿಟ್ಟ ಸಾಲಿನ ಕೆಳಗಿನ ಸಾಲು. ಮತ್ತೊಂದು. ಹೊಳೆ ಬಾಗಿತು. ಬಾಗಿದ ಒಳಮೈಗೆ ಅಗಲವಾದ ಮರಳು, ಬೆಳ್ಳಗೆ, ಮಲಗಿದವರ ಮೊಣಕೈಯಂತೆ. ಚಿತ್ರ ಪೂರ್ತಿಯಾಯಿತು.

ನಾಗರತ್ನ ಮೇಡಂ ತೆರೆಯನ್ನು ಬೆರಳಿನಿಂದ ಮುಟ್ಟಿದರು. ದಿಣ್ಣೆ ಜಾಗ ಬದಲಿಸಿತ್ತು. ಅವರಿಗೆ ಬೇಕಾಗಿದ್ದು ಅಷ್ಟೇ. ಕೊಟ್ರಪ್ಪನವರು ಬಗ್ಗಿ, ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋದರು.

"ಗುಡಿ ಎಲ್ಲಿ ಕಾಣ್ತತೆ?"

"ಅಷ್ಟು ಸಣ್ಣದು ಕಾಣಲ್ರಿ ಅಣ್ಣಾರೆ" ಎಂದರು ಮೇಡಂ. "ಇಲ್ಲೆಲ್ಲೋ ಐತೆ, ಈ ಚುಕ್ಕಿ ಒಳಗೆ."

ಅವರು ಆ ಚುಕ್ಕಿಗೇ ಕೈಮುಗಿದರು.

ಉಪಗ್ರಹ ದಕ್ಷಿಣದ ಅಂಚಿಗೆ ಹೋಗುತ್ತಿತ್ತು. ಇನ್ನು ಒಂದು ನಿಮಿಷ ಸಮಯವಿತ್ತು. ನಾನು ಬೀಕನ್ನಿನ ಆಜ್ಞೆಯನ್ನು ತೆರೆಯ ಮೇಲೆ ತಂದಿಟ್ಟೆ. "ಕೆಲಸ ಮುಗೀತಲ್ಲ, ಹಾಕ್ಲಾ? ದನಿ ಕೇಳಬೌದು ನೀವು" ಎಂದು ಕೊಟ್ರಪ್ಪನವರನ್ನು ಕೇಳಿದೆ. ಹಾಕಿದರೆ ಬ್ಯಾಟರಿ ಎಷ್ಟು ದಿನ ಬಾಳುತ್ತದೆ ಎಂದು ಅವರು ಕೇಳಿದರು. ಹೆಚ್ಚು ದಿನ ಇಲ್ಲ ಎಂದೆ. ಹಾಕದಿದ್ದರೆ? ಹೇಳಲಾಗುವುದಿಲ್ಲ, ಬಹಳ ದಿನ ಇರಬಹುದು, ನಮಗೆ ಗೊತ್ತಾಗುವುದಿಲ್ಲ ಎಂದೆ.

ಅವರು ನಾಗರತ್ನ ಮೇಡಂ ಮುಖ ನೋಡಿದರು. ಆಮೇಲೆ ಕಿಟಕಿಯಾಚೆ ನೋಡಿದರು. ಅಲ್ಲಿ ಬರೀ ಬಿಸಿಲು.

"ಬ್ಯಾಡ. ಇರ್ಲಿ ಬಿಡವ್ವ."

ನಾನು ಕೈ ತೆಗೆದೆ. ಆಂಟೆನಾ ದಕ್ಷಿಣದ ಕೊನೆಯವರೆಗೂ ಅದರ ಹಿಂದೆಯೇ ತಿರುಗಿ, ನಿಂತಿತು.